ಅಯಾನಿಕ ದ್ರವಗಳೊಳಗಿನ ಹೈಡ್ರೋಜನ್ ಬಂಧ: ರೋಹಿತಗಳ ಸುತ್ತ ಬೆಳೆದ ವಿವಾದ

ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ವಿರುದ್ಧ ವಿದ್ಯುದಂಶದ ಕಣಗಳಾದ ಅಯಾನುಗಳು ಒಂದನ್ನೊಂದು ಅಷ್ಟು ಬಲವಾಗಿ ಸೆಳೆದುಕೊಂಡಿರುತ್ತವೆ. ಆದರೆ 1914ರಲ್ಲಿ ಪೌಲ್ ವಾಲ್ಡೆನ್ ವರದಿ ಮಾಡಿದ ಎಥಿಲ್ ಅಮೋನಿಯಂ ನೈಟ್ರೇಟ್ ಎಂಬ ಲವಣ ಸುಮಾರು 12 ಡಿಗ್ರಿಯಲ್ಲೇ ಕರಗಿತು. 100 ಡಿಗ್ರಿಗಿಂತ ಕೆಳಗೆ ಕರಗುವ ಇಂತಹ ಲವಣಗಳನ್ನು ಇಂದು ಅಯಾನಿಕ ದ್ರವಗಳೆಂದು ಕರೆಯುತ್ತಾರೆ. ಇವುಗಳ ಅಯಾನುಗಳು ಗಾತ್ರದಲ್ಲಿ ದೊಡ್ಡವು, ಆಕಾರದಲ್ಲಿ ಅಸಮವಾದವು. ಆದ್ದರಿಂದ ಸ್ಫಟಿಕದ ಅಚ್ಚುಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಈ ವಿವರಣೆ ಸರಿಯಾದದ್ದೇ, ಆದರೆ ಸಾಲದು. ವಿದ್ಯುತ್ ಸೆಳೆತವೊಂದೇ ಈ ದ್ರವಗಳನ್ನು ಆಳುತ್ತದೆಯೇ, ಅಥವಾ ನಿರ್ದಿಷ್ಟ ದಿಕ್ಕಿನಲ್ಲಿ ಕೆಲಸ ಮಾಡುವ ಹೈಡ್ರೋಜನ್ ಬಂಧಗಳಿಗೂ (ಒಂದು ಪರಮಾಣುವಿಗೆ ಅಂಟಿದ ಹೈಡ್ರೋಜನ್ ಇನ್ನೊಂದು ಅಯಾನಿನ ಅಥವಾ ಅಣುವಿನ ಕಡೆಗೆ ಸೆಳೆಯಲ್ಪಡುವುದು) ಅಲ್ಲಿ ಪಾತ್ರವಿದೆಯೇ ಎಂಬ ಪ್ರಶ್ನೆ ದಶಕಗಳ ಕಾಲ ಸಂಶೋಧಕರನ್ನು ಎರಡು ಪಾಳಯಗಳಾಗಿ ಒಡೆದಿತ್ತು.

ವಿವಾದದ ಕೇಂದ್ರದಲ್ಲಿದ್ದುದು ಇಮಿಡಜೋಲಿಯಂ ಎಂಬ ಧನ ಅಯಾನು. 1982ರಲ್ಲಿ ಜಾನ್ ವಿಲ್ಕ್ಸ್ ಮತ್ತು ಸಹೋದ್ಯೋಗಿಗಳು ಇದರ ಕ್ಲೋರೈಡನ್ನು ಅಲ್ಯೂಮಿನಿಯಂ ಕ್ಲೋರೈಡಿನೊಂದಿಗೆ ಬೆರೆಸಿ ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವ ಲವಣಗಳನ್ನು ಪಡೆದರು. 1992ರಲ್ಲಿ ವಿಲ್ಕ್ಸ್ ಮತ್ತು ಜಾವೊರೊಟ್ಕೊ ಗಾಳಿ ಮತ್ತು ನೀರಿನ ಸಂಪರ್ಕದಲ್ಲೂ ಕೆಡದ ಬಗೆಗಳನ್ನು ಪ್ರಕಟಿಸಿದ ಬಳಿಕ ಈ ದ್ರವಗಳು ಸಾಮಾನ್ಯ ಪ್ರಯೋಗಶಾಲೆಗಳಿಗೂ ಬಂದವು. ಐದು ಪರಮಾಣುಗಳ ಈ ಉಂಗುರದಲ್ಲಿ ಎರಡು ನೈಟ್ರೋಜನ್‌ಗಳ ನಡುವೆ ಒಂದು ಕಾರ್ಬನ್ ಇದೆ, ಅದನ್ನು ಎರಡನೆಯ ಸ್ಥಾನದ ಕಾರ್ಬನ್ ಎನ್ನುತ್ತಾರೆ. ಅದಕ್ಕೆ ಅಂಟಿಕೊಂಡ ಹೈಡ್ರೋಜನ್ ಉಂಗುರದ ಉಳಿದ ಹೈಡ್ರೋಜನ್‌ಗಳಿಗಿಂತ ಹೆಚ್ಚು ಆಮ್ಲೀಯ. ಕಾರ್ಬನ್ನಿಗೆ ಸೇರಿದ ಹೈಡ್ರೋಜನ್ ನಿಜವಾದ ಹೈಡ್ರೋಜನ್ ಬಂಧವನ್ನು ಕಟ್ಟಬಲ್ಲುದು ಎಂಬುದನ್ನೇ 1980ರ ದಶಕದಲ್ಲಿ ಹಲವರು ಒಪ್ಪಿರಲಿಲ್ಲ. ಋಣ ಅಯಾನುಗಳು ಉಂಗುರದ ಮೇಲೂ ಕೆಳಗೂ ಪದರುಗಳಂತೆ ಜೋಡಣೆಗೊಂಡಿರುತ್ತವೆ ಎಂಬುದು ಒಂದು ಪಕ್ಷದ ವಾದವಾದರೆ, ಕೆನೆತ್ ಸೆಡನ್ ಅವರ ಗುಂಪು ಸ್ಫಟಿಕ ರಚನೆ ಮತ್ತು ಅವಕೆಂಪು ರೋಹಿತಗಳನ್ನು (ಕೆಂಪಿನಾಚೆಯ ಕಾಣದ ಬೆಳಕನ್ನು ವಸ್ತು ಎಲ್ಲೆಲ್ಲಿ ಹೀರುತ್ತದೆ ಎಂಬುದರ ದಾಖಲೆಗಳನ್ನು) ಮುಂದಿಟ್ಟು ಹೈಡ್ರೋಜನ್ ಬಂಧದ ಪರವಾಗಿ ವಾದಿಸಿತು.

ರೋಹಿತವು ಬಂಧವನ್ನು ನೇರವಾಗಿ ತೋರಿಸುವುದಿಲ್ಲ. ಅದು ತೋರಿಸುವುದು ಅಣುವಿನ ಕಂಪನಗಳನ್ನು. ಹೈಡ್ರೋಜನ್ ಇನ್ನೊಂದು ಅಯಾನಿನ ಕಡೆಗೆ ಸೆಳೆಯಲ್ಪಟ್ಟಾಗ ಅದರ ಮೂಲ ಬಂಧ ಸ್ವಲ್ಪ ದುರ್ಬಲಗೊಳ್ಳುತ್ತದೆ. ಆಗ ಆ ಬಂಧದ ಹಿಗ್ಗು-ಕುಗ್ಗುವಿಕೆ ರೋಹಿತದಲ್ಲಿ ಮೂಡಿಸುವ ಪಟ್ಟಿ ಕಡಿಮೆ ತರಂಗಸಂಖ್ಯೆಯ (ಒಂದು ಸೆಂಟಿಮೀಟರಿನಲ್ಲಿ ಹಿಡಿಸುವ ತರಂಗಗಳ ಸಂಖ್ಯೆಯ) ಕಡೆಗೆ ಸರಿದು, ಅಗಲವೂ ತೀವ್ರವೂ ಆಗುತ್ತದೆ. ಇಮಿಡಜೋಲಿಯಂ ದ್ರವಗಳಲ್ಲಿ ಪ್ರತಿ ಸೆಂಟಿಮೀಟರಿಗೆ ಸುಮಾರು 3000ರಿಂದ 3200ರ ನಡುವೆ ಇಂತಹ ಪಟ್ಟಿಗಳು ಕಾಣುತ್ತವೆ, ಮತ್ತು ಋಣ ಅಯಾನನ್ನು ಬದಲಾಯಿಸಿದರೆ ಅವು ಸ್ಥಾನ ಬದಲಿಸುತ್ತವೆ. ಇಲ್ಲಿಯವರೆಗೆ ಎಲ್ಲರಿಗೂ ಒಪ್ಪಿಗೆ ಇತ್ತು. ಯಾವ ಪಟ್ಟಿ ಯಾವ ಕಂಪನದ್ದು ಎಂಬಲ್ಲಿ ಜಗಳ ಹುಟ್ಟಿತು. 2009ರಲ್ಲಿ ಜಾನ್-ಕ್ಲೋಡ್ ಲಾಸೆಗ್ ಮತ್ತು ಸಹೋದ್ಯೋಗಿಗಳು ಹೈಡ್ರೋಜನ್ನಿನ ಬದಲು ಅದರದೇ ಭಾರವಾದ ರೂಪವಾದ ಡ್ಯೂಟೀರಿಯಂ ಸೇರಿಸಿದ ಮಾದರಿಗಳನ್ನೂ ಅಳೆದು, ಅತ್ಯಂತ ಕೆಳಗೆ ಕಾಣುವ ಪಟ್ಟಿ ಎರಡನೆಯ ಸ್ಥಾನದ ಹೈಡ್ರೋಜನ್ನಿನದ್ದೇ ಅಲ್ಲ, ಉಂಗುರದ ಕಂಪನಗಳ ಅಧಿಸ್ವರಗಳು (ಮೂಲ ಆವೃತ್ತಿಯ ಸುಮಾರು ಎರಡು-ಮೂರು ಪಟ್ಟಿನ ಕಂಪನಗಳು) ಹೈಡ್ರೋಜನ್ ಕಂಪನಗಳೊಂದಿಗೆ ಬೆರೆಯುವ ಫರ್ಮಿ ಅನುರಣನದ ಫಲ ಎಂದು ವಾದಿಸಿದರು. ರೋಸ್ಟಾಕ್ ವಿಶ್ವವಿದ್ಯಾಲಯದ ರಾಲ್ಫ್ ಲುಡ್ವಿಗ್ ಅವರ ಗುಂಪು ಇದಕ್ಕೆ ಪ್ರತ್ಯುತ್ತರ ನೀಡಿತು. ಈ ವಾಗ್ವಾದದ ನಿಜವಾದ ಲಾಭವೆಂದರೆ, ಪಟ್ಟಿಯೊಂದು ಕೆಳಗೆ ಸರಿದಿದೆ ಎಂಬ ಮಾತ್ರಕ್ಕೆ ಬಂಧದ ಬಲವನ್ನು ಓದಿಬಿಡುವ ಅಭ್ಯಾಸಕ್ಕೆ ತಡೆ ಬಿದ್ದದ್ದು ಎಂದು ನನಗೆ ಅನ್ನಿಸುತ್ತದೆ.

ಲುಡ್ವಿಗ್ ಅವರ ಗುಂಪು ಅಷ್ಟರಲ್ಲಿ ಬೇರೊಂದು ಕಿಟಕಿಯನ್ನು ತೆರೆದಿತ್ತು. 2008ರಲ್ಲಿ ಫುಮಿನೊ, ವುಲ್ಫ್ ಮತ್ತು ಲುಡ್ವಿಗ್ ದೂರ ಅವಕೆಂಪು ಪ್ರದೇಶದಲ್ಲಿ, ಅಂದರೆ ಸುಮಾರು 80ರಿಂದ 120 ತರಂಗಸಂಖ್ಯೆಯ ಸುತ್ತ, ಎರಡು ಅಯಾನುಗಳು ಪರಸ್ಪರ ಹತ್ತಿರ-ದೂರ ಆಗುವ ಕಂಪನವನ್ನೇ ಅಳೆದರು. ಇದು ಅಣುವಿನೊಳಗಿನ ಬಂಧದ ಮೂಲಕ ಬರುವ ಪರೋಕ್ಷ ಸಾಕ್ಷ್ಯವಲ್ಲ. ಅಯಾನುಗಳ ನಡುವಿನ ಸೆಳೆತದ ಗುರುತು. ಋಣ ಅಯಾನಿನ ಬಂಧಶಕ್ತಿ ಹೆಚ್ಚಿದಂತೆ ಈ ಪಟ್ಟಿ ಮೇಲಕ್ಕೆ ಸರಿಯುವುದನ್ನು ಅವರು ತೋರಿಸಿದರು. ಅಯಾನುಗಳ ತೂಕ ಬದಲಾದರೂ ಪಟ್ಟಿ ಸರಿಯಬಹುದು ಎಂಬ ಆಕ್ಷೇಪ ಸಹಜವಾಗಿಯೇ ಬಂತು, ಮತ್ತು ಬಲದ ಪಾಲು ಎಷ್ಟು, ತೂಕದ ಪಾಲು ಎಷ್ಟು ಎಂದು ಬೇರ್ಪಡಿಸುವ ಕೆಲಸ ಗಣನೆಯ ನೆರವಿನಿಂದ ಮುಂದುವರಿಯಿತು.

ಎಲ್ಲರನ್ನೂ ಹೆಚ್ಚು ಕಾಡಿದ ಪರೀಕ್ಷೆ ಮಾತ್ರ ಬಹಳ ಸರಳವಾದದ್ದು. ಎರಡನೆಯ ಸ್ಥಾನದ ಹೈಡ್ರೋಜನ್ ತೆಗೆದು ಅಲ್ಲಿ ಮೀಥೈಲ್ ಗುಂಪನ್ನು ಇಟ್ಟರೆ ಮುಖ್ಯ ಹೈಡ್ರೋಜನ್ ಬಂಧಕ್ಕೆ ಅವಕಾಶವೇ ಇರುವುದಿಲ್ಲ. ಬಂಧ ಹೋದರೆ ದ್ರವ ತೆಳುವಾಗಬೇಕು ಎಂಬುದು ನಿರೀಕ್ಷೆ. ಆದದ್ದು ತಿರುಗುಮುರುಗು: ಸ್ನಿಗ್ಧತೆ (ಹರಿಯಲು ದ್ರವ ತೋರುವ ಪ್ರತಿರೋಧ) ಏರಿತು, ಕರಗುವ ಬಿಂದುವೂ ಏರಿತು. ಮೀಥೈಲ್ ಬಂದಾಗ ಋಣ ಅಯಾನುಗಳು ನಿಲ್ಲಬಹುದಾದ ಸ್ಥಾನಗಳ ವೈವಿಧ್ಯ ಕುಗ್ಗಿ, ಎಂಟ್ರೋಪಿ (ಅಸ್ತವ್ಯಸ್ತತೆಯ ಅಳತೆ) ಕಡಿಮೆಯಾಗುತ್ತದೆ ಎಂದು ಪೆಟ್ರೀಷಿಯಾ ಹಂಟ್ 2007ರಲ್ಲಿ ವಿವರಿಸಿದರು. ಲುಡ್ವಿಗ್ ಅವರ ವಿವರಣೆ ಇನ್ನೂ ದಿಟ್ಟವಾದದ್ದು: ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ವಿದ್ಯುತ್ ಸೆಳೆತದ ಜಾಲದಲ್ಲಿ ಹೈಡ್ರೋಜನ್ ಬಂಧವೇ ಒಂದು ಸ್ಥಳೀಯ ದೋಷ, ಆ ದೋಷ ಜಾಲದ ಸಮತೋಲವನ್ನು ಕೆಡಿಸಿ ದ್ರವವನ್ನು ಹರಿಯುವಂತೆ ಮಾಡುತ್ತದೆ. ಎರಡೂ ವಿವರಣೆಗಳಲ್ಲಿ ಸತ್ಯದ ಅಂಶವಿದೆ. ಬಂಧ ಎಂದರೆ ಬಿಗಿ ಎಂಬ ನಮ್ಮ ಸಹಜ ತಿಳಿವಳಿಕೆಯನ್ನು ಎರಡೂ ಬಿಡಿಸುತ್ತವೆ.

ಇವುಗಳ ನಡುವೆ ಚದುರಿದ ಬೆಳಕಿನಿಂದ ಕಂಪನಗಳನ್ನು ಓದುವ ರಾಮನ್ ರೋಹಿತಗಳು ಮೌನವಾಗಿ ಇನ್ನೊಂದು ವಿಷಯವನ್ನು ಸ್ಥಾಪಿಸಿದ್ದವು. 2003ರಲ್ಲಿ ಟೋಕಿಯೊದ ಹಮಗುಚಿ ಅವರ ಗುಂಪು, ಬ್ಯುಟೈಲ್ ಮೀಥೈಲ್ ಇಮಿಡಜೋಲಿಯಂ ಕ್ಲೋರೈಡಿಗೆ ಎರಡು ಬಗೆಯ ಸ್ಫಟಿಕಗಳಿವೆ, ಅವುಗಳಲ್ಲಿ ಬ್ಯುಟೈಲ್ ಸರಪಳಿ ಎರಡು ಬೇರೆ ಭಂಗಿಗಳಲ್ಲಿರುತ್ತದೆ, ದ್ರವದಲ್ಲಿ ಎರಡೂ ಭಂಗಿಗಳು ಒಟ್ಟಿಗೆ ಇರುತ್ತವೆ ಎಂದು ತೋರಿಸಿತು. ಪ್ರತಿ ಸೆಂಟಿಮೀಟರಿಗೆ ಸುಮಾರು 600 ಮತ್ತು 625ರಲ್ಲಿ ಕಾಣುವ ಎರಡು ಪಟ್ಟಿಗಳೇ ಅದರ ಆಧಾರ.

ನೀರಿನ ಪ್ರಸ್ತಾಪವಿಲ್ಲದೆ ಈ ಚರಿತ್ರೆ ಪೂರ್ತಿಯಾಗದು. 2001ರಲ್ಲಿ ಕಮ್ಮರಾಟಾ, ಕಜಾರಿಯನ್, ಸಾಲ್ಟರ್ ಮತ್ತು ವೆಲ್ಟನ್, ಗಾಳಿಯಿಂದ ಹೀರಲ್ಪಟ್ಟ ನೀರು ಈ ದ್ರವಗಳಲ್ಲಿ ಮುಖ್ಯವಾಗಿ ಋಣ ಅಯಾನಿಗೆ ಅಂಟುತ್ತದೆ, ಒಂದು ನೀರಿನ ಅಣು ಎರಡು ಋಣ ಅಯಾನುಗಳ ನಡುವೆ ಸೇತುವಾಗುತ್ತದೆ ಎಂದು ಅವಕೆಂಪು ರೋಹಿತದಿಂದ ಕಂಡುಕೊಂಡರು. ಅಲ್ಪ ನೀರು ಮತ್ತು ಉಳಿದುಹೋದ ಕ್ಲೋರೈಡ್ ಸ್ನಿಗ್ಧತೆಯನ್ನು ಗಣನೀಯವಾಗಿ ಬದಲಿಸುತ್ತವೆ ಎಂದು 2000ದಲ್ಲಿ ಸೆಡನ್ ಅವರ ಗುಂಪು ಈಗಾಗಲೇ ಎಚ್ಚರಿಸಿತ್ತು. ಹಾಗಾಗಿ ಮಾದರಿ ಎಷ್ಟು ಒಣಗಿತ್ತು ಎಂದು ಹೇಳದ ಹಳೆಯ ಅಳತೆಗಳನ್ನು ಈ ವಾದದಲ್ಲಿ ಸಾಕ್ಷಿಯಾಗಿ ಕರೆಯುವುದು ನ್ಯಾಯವಲ್ಲ.

ಪ್ರಶ್ನೆ ಈಗ ಇನ್ನೂ ವಿಚಿತ್ರವಾದ ಕಡೆಗೆ ಹೊರಳಿದೆ. ಸರಪಳಿಯ ತುದಿಯಲ್ಲಿ ಹೈಡ್ರಾಕ್ಸಿಲ್ ಗುಂಪು ಹೊತ್ತ ಧನ ಅಯಾನುಗಳನ್ನು ದುರ್ಬಲವಾಗಿ ಬಂಧಿಸುವ ಋಣ ಅಯಾನುಗಳೊಂದಿಗೆ ಸೇರಿಸಿದಾಗ, ಒಂದೇ ವಿದ್ಯುದಂಶದ ಎರಡು ಧನ ಅಯಾನುಗಳು ವಿಕರ್ಷಣೆಯನ್ನು ಮೀರಿ ಪರಸ್ಪರ ಹೈಡ್ರೋಜನ್ ಬಂಧ ಕಟ್ಟುತ್ತವೆ ಎಂಬುದಕ್ಕೆ ರೋಸ್ಟಾಕ್ ಗುಂಪು ಸಾಕ್ಷ್ಯ ನೀಡಿದೆ. ಆ ಬಂಧದ ಪಟ್ಟಿ, ಧನ-ಋಣ ಅಯಾನುಗಳ ನಡುವಿನ ಸಾಮಾನ್ಯ ಬಂಧದ ಪಟ್ಟಿಗಿಂತಲೂ ಕೆಳಗಿನ ತರಂಗಸಂಖ್ಯೆಯಲ್ಲಿ ಪ್ರತ್ಯೇಕವಾಗಿ ಕಾಣಿಸಿಕೊಳ್ಳುತ್ತದೆ, ಮತ್ತು ಹೈಡ್ರಾಕ್ಸಿಲ್ ಗುಂಪನ್ನು ಉದ್ದ ಸರಪಳಿಯ ಮೂಲಕ ಉಂಗುರದ ವಿದ್ಯುದಂಶದಿಂದ ದೂರವಿಟ್ಟಷ್ಟೂ ಪ್ರಬಲವಾಗುತ್ತದೆ.