ಟ್ರೈಕ್‌ಗೆ ಎರಡನೇ ಪೆಟ್ರೋಲ್ ಟ್ಯಾಂಕ್: ಡಿಕ್ಕಿಯಲ್ಲಿಟ್ಟು ಪೈಪ್ ಎಳೆದರೆ ಆಯಿತಾ?

ಪ್ರಶ್ನೆ: ನನ್ನ ಟೂರಿಂಗ್ ಬೈಕಿಗೆ ಕಿಟ್ ಹಾಕಿಸಿ ಮೂರು ಚಕ್ರದ ಟ್ರೈಕ್ ಮಾಡಿಸಿದ್ದೇನೆ. ಓಡಿಸೋದಕ್ಕೆ ಆರಾಮವಾಗಿದೆ. ಆದರೆ ಮೊದಲು ಒಂದು ಟ್ಯಾಂಕಿನಲ್ಲಿ ಹೋಗುತ್ತಿದ್ದಷ್ಟು ದೂರ ಈಗ ಹೋಗುತ್ತಿಲ್ಲ. ಹಿಂದೆ ದೊಡ್ಡ ಡಿಕ್ಕಿ ಸುಮ್ನೆ ಖಾಲಿ ಬಿದ್ದಿದೆ. ಅದರಲ್ಲಿ 15 ಲೀಟರಿನ ಇನ್ನೊಂದು ಟ್ಯಾಂಕ್ ಕೂರಿಸಿ ಪೈಪ್ ಎಳೆದರೆ ಆಯಿತಲ್ವಾ?

ಉತ್ತರ: ಎರಡನೇ ಟ್ಯಾಂಕ್ ಹಾಕಿಸಿಕೊಳ್ಳಿ, ತಪ್ಪೇನಿಲ್ಲ. ಆದರೆ ಡಿಕ್ಕಿಯೊಳಗೆ ಬೇಡ. ಅದರ ಪೈಪನ್ನು ನೇರವಾಗಿ ಎಂಜಿನ್‌ಗೆ ಎಳೆಯುವುದೂ ಬೇಡ. ನೀವು ಇನ್ನೂ ಬೈಕಿನ ಲೆಕ್ಕದಲ್ಲೇ ಯೋಚನೆ ಮಾಡುತ್ತಿದ್ದೀರಿ. ಹ್ಯಾಂಡಲ್, ಸೀಟು, ಎಂಜಿನ್ ಎಲ್ಲ ಹಳೆಯದೇ ಇರಬಹುದು. ಪೆಟ್ರೋಲಿನ ಮಟ್ಟಿಗೆ ಮಾತ್ರ ಅದು ಈಗ ಬೈಕಲ್ಲ, ಒಂದು ಸಣ್ಣ ಕಾರು.

ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳಿ. ಮೈಲೇಜ್ ನಿಜವಾಗಿಯೂ ಅಷ್ಟು ಬಿದ್ದಿದೆಯಾ? ಟ್ರೈಕ್ ಮಾಡಿಸಿದಾಗ ತೂಕ ಏರುತ್ತದೆ, ಗಾಳಿಗೆ ಎದುರಾಗುವ ಮೈ ಅಗಲವಾಗುತ್ತದೆ, ಹಿಂದೆ ಒಂದರ ಬದಲು ಎರಡು ಅಗಲ ಟೈರ್ ಉರುಳುತ್ತವೆ. ಹಾಗಾಗಿ ಪೆಟ್ರೋಲ್ ಜಾಸ್ತಿ ಕುಡಿಯುವುದು ಸಹಜ. ಆದರೆ ಟೈರಿನ ಅಳತೆ, ಗೇರಿಂಗ್ ಎರಡೂ ಬದಲಾಗಿದ್ದು, ಸ್ಪೀಡ್ ಸೆನ್ಸರ್ ಗೇರ್‌ಬಾಕ್ಸ್ ಕಡೆ ಇದ್ದರೆ ಮೀಟರ್ ತೋರಿಸುವ ಕಿಲೋಮೀಟರೇ ತಪ್ಪಿರುತ್ತದೆ. 100 ಕಿಲೋಮೀಟರ್ ಓಡಿಸಿ, ಫೋನಿನ ಜಿಪಿಎಸ್ ಜೊತೆ ಹೋಲಿಸಿ ನೋಡಿ. ಮೀಟರ್ 8 ಕಿಲೋಮೀಟರ್ ಕಡಿಮೆ ತೋರಿಸುತ್ತಿದ್ದರೆ, ನಿಮ್ಮ ನಷ್ಟದಲ್ಲಿ ಒಂದು ಪಾಲು ಬರೀ ಲೆಕ್ಕದ್ದು.

ಅದೆಲ್ಲ ನೋಡಿದ ಮೇಲೂ ಟ್ಯಾಂಕ್ ಬೇಕು ಅನ್ನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಟ್ರೈಕ್ ಮಾಡುವವರ ಅಚ್ಚುಮೆಚ್ಚಿನ ಹೋಂಡಾ ಗೋಲ್ಡ್‌ವಿಂಗ್ ಅನ್ನೇ ನೋಡಿ. 2018ರ ಹೊಸ ಮಾದರಿಯಲ್ಲಿ ಅದರ ಟ್ಯಾಂಕ್ 25 ಲೀಟರಿನಿಂದ ಸುಮಾರು 21 ಲೀಟರಿಗೆ ಇಳಿಯಿತು. ಬೈಕ್ ಹಗುರವಾಗಿದೆ, ಎರಡು ಚಕ್ರದಲ್ಲಿ ಅಷ್ಟು ಸಾಕು. ಮೂರನೇ ಚಕ್ರ ಸೇರಿಸಿದವರಿಗೆ ಆ 4 ಲೀಟರ್ ನೆನಪಾಗುತ್ತದೆ.

ಈಗ ಬೈಕಿಗೂ ಟ್ರೈಕ್‌ಗೂ ಇರುವ ದೊಡ್ಡ ವ್ಯತ್ಯಾಸಕ್ಕೆ ಬರೋಣ. ಬೈಕ್ ತಿರುವಿನಲ್ಲಿ ವಾಲುತ್ತದೆ, ಟ್ಯಾಂಕೂ ಅದರ ಜೊತೆಗೇ ವಾಲುತ್ತದೆ. ಹಾಗಾಗಿ ಒಳಗಿರುವ ಪೆಟ್ರೋಲ್ ಯಾವಾಗಲೂ ಟ್ಯಾಂಕಿನ ತಳದ ಕಡೆಗೇ ಒತ್ತಿಕೊಂಡಿರುತ್ತದೆ. ತಿರುವು ಬಂತು ಅನ್ನುವುದು ಪೆಟ್ರೋಲಿಗೆ ಗೊತ್ತೇ ಆಗುವುದಿಲ್ಲ! ಟ್ರೈಕ್ ವಾಲುವುದಿಲ್ಲ. ಎಡಕ್ಕೆ ತಿರುಗಿದರೆ ನಿಮ್ಮ ದೇಹ ಬಲಕ್ಕೆ ತಳ್ಳಿದಂತಾಗುತ್ತದಲ್ಲ, ಪೆಟ್ರೋಲೂ ಹಾಗೇ ಬಲಗೋಡೆಗೆ ಹೋಗಿ ಏರಿ ನಿಲ್ಲುತ್ತದೆ.

ಎಷ್ಟು ಏರುತ್ತದೆ? ಸ್ವಲ್ಪ ಜೋರಾಗಿ ತಿರುಗಿದರೆ, ಪಕ್ಕಕ್ಕೆ ತಳ್ಳುವ ಬಲ ಗುರುತ್ವದ 0.4 ಪಟ್ಟು ಆಗುತ್ತದೆ ಅಂತ ಇಟ್ಟುಕೊಳ್ಳಿ. ಆಗ ಪೆಟ್ರೋಲಿನ ಮಟ್ಟ ಸುಮಾರು 22 ಡಿಗ್ರಿ ಓರೆಯಾಗುತ್ತದೆ. ಎರಡು ಹಿಂದಿನ ಚಕ್ರಗಳ ನಡುವೆ ಜಾಗ ಇದೆಯೆಂದು ನೀವು 80 ಸೆಂಟಿಮೀಟರ್ ಅಗಲದ ಚಪ್ಪಟೆ ಟ್ಯಾಂಕ್ ಮಾಡಿಸಿದಿರಿ ಅನ್ನೋಣ. 80 ಸೆಂಟಿಮೀಟರಿಗೆ 0.4 ಅಂದರೆ ಒಂದು ತುದಿಗೂ ಇನ್ನೊಂದು ತುದಿಗೂ 32 ಸೆಂಟಿಮೀಟರ್ ವ್ಯತ್ಯಾಸ. ಟ್ಯಾಂಕಿನ ಎತ್ತರವೇ 20 ಸೆಂಟಿಮೀಟರ್ ಇದ್ದರೆ? ಅರ್ಧ ಖಾಲಿಯಾದ ಹೊತ್ತಿಗೆ ಒಂದು ಮೂಲೆಯ ತಳ ಒಣಗಿ ಕೂತಿರುತ್ತದೆ. ಪೆಟ್ರೋಲ್ ಎಳೆಯುವ ಕೊಳವೆ ಆ ಮೂಲೆಯಲ್ಲೇ ಇದ್ದರೆ ಅದಕ್ಕೆ ಸಿಗುವುದು ಗಾಳಿ. ಹೆದ್ದಾರಿಯಿಂದ ಇಳಿಯುವ ಆ ಉದ್ದನೆಯ ಸುತ್ತು ರಸ್ತೆಗಳಲ್ಲಂತೂ ಹತ್ತು ಹದಿನೈದು ಸೆಕೆಂಡ್ ಇದೇ ಗತಿ.

ತುಂಬಿದ ಕೊಡ ತುಳುಕುವುದಿಲ್ಲ ಅಂತಾರಲ್ಲ, ಟ್ಯಾಂಕಿಗೂ ಅಷ್ಟೆ. ಕಾಟ ಕೊಡುವುದು ಅರ್ಧ ಖಾಲಿ ಟ್ಯಾಂಕ್. ಅದಕ್ಕೇ ಒಳಗೆ ತೂತುಗಳಿರುವ ಅಡ್ಡ ತಗಡುಗಳು ಇರಬೇಕು. ಇಲ್ಲವೇ ಪೆಟ್ರೋಲ್ ಟ್ಯಾಂಕಿಗೆಂದೇ ಬರುವ ಫೋಮ್ ತುಂಬಿರಬೇಕು. ಎಳೆಯುವ ಕೊಳವೆ ನಡುವೆ, ತಳದಲ್ಲೊಂದು ಸಣ್ಣ ಗುಂಡಿಯಂತಹ ಜಾಗದಲ್ಲಿರಬೇಕು. ಅಗಲದ ಟ್ಯಾಂಕಿಗಿಂತ ಕಿರಿದಾಗಿ, ಆಳವಾಗಿರುವ ಟ್ಯಾಂಕ್ ಎಷ್ಟೋ ಮೇಲು.

ನೇರವಾಗಿ ಎಂಜಿನ್‌ಗೆ ಬೇಡ ಅಂದದ್ದು ಇದಕ್ಕೇ. ಎರಡನೇ ಟ್ಯಾಂಕ್ ಮೊದಲ ಟ್ಯಾಂಕನ್ನು ತುಂಬಬೇಕು, ಅಷ್ಟೇ ಅದರ ಕೆಲಸ. ನಡುವೆ ಒಂದೆರಡು ಗುಟುಕು ಗಾಳಿ ಬಂದರೂ ಮುಖ್ಯ ಟ್ಯಾಂಕಿನಲ್ಲಿ ಪೆಟ್ರೋಲ್ ಇರುವುದರಿಂದ ಎಂಜಿನ್ ಕೆಮ್ಮುವುದಿಲ್ಲ. ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲ್ ಲೈನಿನ ಒತ್ತಡ 3 ಬಾರ್‌ನಷ್ಟು ಇರುತ್ತದೆ. ಆ ಲೈನನ್ನು ಕತ್ತರಿಸಿ ಟೀ ಜಾಯಿಂಟ್ ಹಾಕುವ ಯೋಚನೆಯೇ ಬೇಡ. ಕಾರ್ಬುರೇಟರ್ ಇರುವ ಹಳೆಯ ಗಾಡಿಯಲ್ಲಿ ಕಾಕ್ ತಿರುಗಿಸಿ ಟ್ಯಾಂಕ್ ಬದಲಿಸುವುದು ಸಾಧ್ಯ. ಆದರೂ ನನಗೆ ಆ ಏರ್ಪಾಡು ಇಷ್ಟವಿಲ್ಲ. ಓವರ್‌ಟೇಕ್ ಮಾಡುವಾಗಲೇ ಮೊದಲ ಟ್ಯಾಂಕ್ ಮುಗಿಯುತ್ತದೆ, ಬೇಕಾದರೆ ನೋಡಿ.

ಹಾಗಾದರೆ ತುಂಬುವುದು ಹೇಗೆ? ಎರಡನೇ ಟ್ಯಾಂಕ್ ಎತ್ತರದಲ್ಲಿದ್ದರೆ ಪೆಟ್ರೋಲ್ ತಾನಾಗಿ ಇಳಿಯುತ್ತದೆ. ಪಂಪ್ ಬೇಡ, ಸ್ವಿಚ್ ಬೇಡ. ಕೇಳೋದಕ್ಕೆ ಚೆನ್ನಾಗಿದೆ. ಆದರೆ ಬಂಕಿನಲ್ಲಿ ಮುಖ್ಯ ಟ್ಯಾಂಕಿನ ಮುಚ್ಚಳ ತೆಗೆದ ಕೂಡಲೇ ಮೇಲಿನದೆಲ್ಲ ಅಲ್ಲಿಂದ ಉಕ್ಕಬಹುದು. ಹಾಗಾಗಿ ನಡುವೆ ಒಂದು ಕಾಕ್ ಇರಲೇಬೇಕು. ಇಗ್ನಿಷನ್ ಆಫ್ ಮಾಡಿದರೆ ತಾನೇ ಮುಚ್ಚಿಕೊಳ್ಳುವ ಸೊಲೆನಾಯ್ಡ್ ವಾಲ್ವ್ ಆದರೆ ಇನ್ನೂ ಒಳ್ಳೆಯದು. ಟ್ರೈಕ್‌ನಲ್ಲಿ ಸಾಮಾನ್ಯವಾಗಿ ಎರಡನೇ ಟ್ಯಾಂಕ್ ಕೆಳಗೇ ಇರುತ್ತದೆ, ಇರಲೂಬೇಕು. ಆಗ 12 ವೋಲ್ಟ್‌ನ ಸಣ್ಣ ಪಂಪ್ ಬೇಕು. ಪಂಪಿಗೆ ಮೊದಲು ಒಂದು ಫಿಲ್ಟರ್, ವೈರಿಗೆ ಬ್ಯಾಟರಿ ಹತ್ತಿರವೇ ಒಂದು ಫ್ಯೂಸ್. ಪೆಟ್ರೋಲ್ ಬಂದು ಬೀಳುವ ತುದಿ ಮುಖ್ಯ ಟ್ಯಾಂಕಿನ ಮೇಲ್ಭಾಗದಲ್ಲಿರಲಿ, ಪೆಟ್ರೋಲಿನಲ್ಲಿ ಮುಳುಗಿರಬಾರದು. ಮುಳುಗಿದ್ದರೆ ಪಂಪ್ ನಿಂತ ಮೇಲೆ ಪೆಟ್ರೋಲ್ ಅದೇ ದಾರಿಯಲ್ಲಿ ವಾಪಸ್ ಹರಿಯಬಹುದು. ಲೈನಿನಲ್ಲಿ ಒಂದೇ ದಿಕ್ಕಿಗೆ ಬಿಡುವ ವಾಲ್ವೂ ಇರಲಿ.

ಪಂಪಿನ ವಿಷಯದಲ್ಲಿ ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಸ್ವಿಚ್ ಹಾಕಿದೆ, ಮಾತಿಗೆ ಬಿದ್ದೆ, ಮರೆತೆ. ಸಿಗ್ನಲ್‌ನಲ್ಲಿ ನಿಂತಾಗ ಮೂಗಿಗೆ ವಾಸನೆ ಬಡಿಯಿತು. ಕೆಳಗೆ ನೋಡಿದರೆ ಮುಖ್ಯ ಟ್ಯಾಂಕಿನ ಓವರ್‌ಫ್ಲೋ ಕೊಳವೆಯಿಂದ ಹನಿ ಹನಿಯಾಗಿ ಪೆಟ್ರೋಲ್ ರಸ್ತೆಗೆ ಬೀಳುತ್ತಿತ್ತು. ಸೈಲೆನ್ಸರ್ ಅಲ್ಲಿಂದ ಒಂದು ಗೇಣು ದೂರ. ಪುಣ್ಯಕ್ಕೆ ಗಾಳಿ ಸೈಲೆನ್ಸರ್ ಕಡೆಗಲ್ಲ, ಅದರ ಎದುರು ದಿಕ್ಕಿಗೆ ಬೀಸುತ್ತಿತ್ತು. ಅವತ್ತಿನಿಂದ ಪಂಪಿಗೆ ಟೈಮರ್ ಇದೆ. ನಿಮಿಷಕ್ಕೆ ಒಂದೂವರೆ ಲೀಟರ್ ಸಾಗಿಸುವ ಪಂಪಾದರೆ 15 ಲೀಟರಿಗೆ 10 ನಿಮಿಷ. ಟೈಮರನ್ನು 10 ನಿಮಿಷಕ್ಕೆ ಕಟ್ಟಿ, ಮುಖ್ಯ ಟ್ಯಾಂಕಿನಲ್ಲಿ ಅಷ್ಟು ಜಾಗ ಆದ ಮೇಲಷ್ಟೇ ಸ್ವಿಚ್ ಒತ್ತಿ. ಪಂಪ್ ಓಡುವಾಗ ಕಣ್ಣೆದುರು ಒಂದು ಕೆಂಪು ದೀಪ ಉರಿಯಲಿ. ಎರಡನೇ ಟ್ಯಾಂಕ್ ಖಾಲಿಯಾದ ಮೇಲೂ ಓಡಿಸಿದರೆ ಪಂಪೇ ಸುಟ್ಟುಹೋಗುತ್ತದೆ. ಅದನ್ನು ತಂಪಾಗಿಡುವುದು ಅದರೊಳಗೆ ಹರಿಯುವ ಪೆಟ್ರೋಲೇ.

ಇನ್ನು ಡಿಕ್ಕಿ. ಅದು ಯಾಕೆ ಬೇಡ?

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಸೋರಿದರೆ ಮೇಲೆ ಹಾರಿಹೋಗುವುದಿಲ್ಲ, ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ಶೇಕಡಾ 1.4ರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. 150 ಲೀಟರಿನ ಡಿಕ್ಕಿಗೆ ಲೆಕ್ಕ ಹಾಕಿದರೆ ಎರಡು ಮೂರು ಟೀ ಚಮಚ ಪೆಟ್ರೋಲ್ ಆವಿಯಾದರೂ ಆ ಮಟ್ಟ ಮುಟ್ಟುತ್ತದೆ. ಒಂದು ಸಡಿಲ ಕ್ಲಾಂಪ್ ರಾತ್ರಿಯೆಲ್ಲ ಜಿನುಗಿದರೆ ಅಷ್ಟಾಗುತ್ತದೆ. ಬೆಳಿಗ್ಗೆ ನೀವು ಮುಚ್ಚಳ ಎತ್ತುತ್ತೀರಿ, ಡಿಕ್ಕಿಯ ದೀಪದ ಸ್ವಿಚ್ ಟಿಕ್ ಅನ್ನುತ್ತದೆ. ಹಿಂದಿನ ಲೈಟುಗಳ ವೈರಿಂಗ್, ಫೋನ್ ಚಾರ್ಜ್ ಮಾಡುವ ಸಾಕೆಟ್, ಕೆಲವರ ಗಾಡಿಯಲ್ಲಿ ಆಂಪ್ಲಿಫೈಯರ್ ಕೂಡ ಅಲ್ಲೇ ಇರುತ್ತವೆ. ಅದರ ಜೊತೆ ಪೆಟ್ರೋಲ್ ಟ್ಯಾಂಕ್ ಸಂಸಾರ ಮಾಡಬಾರದು.

ಟ್ಯಾಂಕ್ ಡಿಕ್ಕಿಯ ತಳದ ಹೊರಗೆ, ಗಾಳಿಯಾಡುವ ಕಡೆ ಇರಲಿ. ಸಾಧ್ಯವಾದರೆ ಹಿಂದಿನ ಆಕ್ಸಲ್‌ಗಿಂತ ಮುಂದೆ, ಕೆಳಗೆ. ಇದಕ್ಕೆ ಎರಡು ಕಾರಣ. ಮುಂದೆ ಒಂದು ಚಕ್ರ, ಹಿಂದೆ ಎರಡು ಇರುವ ಟ್ರೈಕ್ ಮಗುಚದೆ ನಿಲ್ಲಬೇಕಾದರೆ ಭಾರ ಹಿಂದಿನ ಆಕ್ಸಲ್ ಹತ್ತಿರ, ನೆಲಕ್ಕೆ ಹತ್ತಿರ ಇರಬೇಕು. 15 ಲೀಟರ್ ಪೆಟ್ರೋಲ್ ಅಂದರೆ 11 ಕಿಲೋ, ಟ್ಯಾಂಕ್ ಮತ್ತು ಬ್ರಾಕೆಟ್ ಸೇರಿ 15 ಕಿಲೋ ಅನ್ನಿ. ಅದನ್ನು ಡಿಕ್ಕಿಯ ಮೇಲಿನ ಕ್ಯಾರಿಯರ್‌ನಲ್ಲಿ ಕಟ್ಟಿದರೆ ಎತ್ತರವೂ ಕೆಟ್ಟಿತು, ಮುಂದಿನ ಚಕ್ರವೂ ಹಗುರಾಯಿತು. ಅದೇ 15 ಕಿಲೋ ಆಕ್ಸಲ್ ಪಕ್ಕದಲ್ಲಿ ಕೆಳಗೆ ಕೂತರೆ ಗಾಡಿಗೆ ಒಳ್ಳೆಯದೇ.

ಎರಡನೇ ಕಾರಣ ಹಿಂದಿನಿಂದ ಬಂದು ಗುದ್ದುವವರು. ಫೋರ್ಡ್ ಪಿಂಟೊ ಕಾರಿನ ಕಥೆ ಕೇಳಿರಬಹುದು. ಅದರ ಟ್ಯಾಂಕ್ ಹಿಂದಿನ ಆಕ್ಸಲ್‌ಗೂ ಬಂಪರ್‌ಗೂ ನಡುವೆ ಇತ್ತು. ಹಿಂದಿನಿಂದ ಗುದ್ದಿದರೆ ಟ್ಯಾಂಕ್ ಮುಂದಕ್ಕೆ ನುಗ್ಗಿ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಬೋಲ್ಟ್‌ಗಳಿಗೆ ಚುಚ್ಚಿಕೊಳ್ಳುವ ಅಪಾಯ ಇತ್ತು. 1978ರಲ್ಲಿ ಕಂಪನಿ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ಕರೆಸಿಕೊಂಡು ನಡುವೆ ಒಂದು ಪ್ಲಾಸ್ಟಿಕ್ ತಡೆ ಹಾಕಿತು. ಪೆಟ್ರೋಲ್ ತುಂಬುವ ಕೊಳವೆಯನ್ನೂ ಸುಧಾರಿಸಿತು. ನಿಮ್ಮ ಟ್ರೈಕ್‌ನಲ್ಲೂ ಡಿಫರೆನ್ಷಿಯಲ್ ಇದೆ, ಬೋಲ್ಟ್‌ಗಳಿವೆ. ಹಿಂದೆ ಫೈಬರ್‌ಗ್ಲಾಸ್ ಬಿಟ್ಟರೆ ತಡೆಯುವುದಕ್ಕೆ ಏನೂ ಇಲ್ಲ. ಆಕ್ಸಲ್ ಹಿಂದೆಯೇ ಇಡಬೇಕಾಗಿ ಬಂದರೆ ಟ್ಯಾಂಕಿನ ಸುತ್ತ ಚಾಸಿಗೆ ಬಿಗಿದ ಕಬ್ಬಿಣದ ಚೌಕಟ್ಟು ಹಾಕಿಸಿ, ಬೋಲ್ಟ್‌ಗಳ ಎದುರು ದಪ್ಪ ಪ್ಲಾಸ್ಟಿಕ್ ಹಲಗೆ ಕೂರಿಸಿ. ಸೈಲೆನ್ಸರ್ ಎಲ್ಲಿ ಹಾದುಹೋಗುತ್ತದೆ ಅಂತಲೂ ಬಗ್ಗಿ ನೋಡಿ. ಟ್ರೈಕ್ ಕಿಟ್‌ಗಳಲ್ಲಿ ಅದನ್ನು ಹಲವು ಸಲ ಆಕ್ಸಲ್ ಕೆಳಗಿನಿಂದ ತೂರಿಸಿರುತ್ತಾರೆ.

ಫೈಬರ್‌ಗ್ಲಾಸ್ ಅಂದೆನಲ್ಲ, ಅದರಿಂದ ಇನ್ನೊಂದು ತಾಪತ್ರಯ ಇದೆ. ಬೈಕಿನ ಲೋಹದ ಟ್ಯಾಂಕ್ ಸಾಮಾನ್ಯವಾಗಿ ಫ್ರೇಮಿಗೆ ತಾಗಿಯೇ ಇರುತ್ತದೆ. ಟ್ರೈಕ್‌ನ ಎರಡನೇ ಟ್ಯಾಂಕ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ, ಬಾಯಿ ಫೈಬರ್‌ಗ್ಲಾಸ್ ಬಾಡಿಯಿಂದ ಹೊರಬಂದಿರುತ್ತದೆ. ಅಂದರೆ ವಿದ್ಯುತ್ತಿನ ದೃಷ್ಟಿಯಲ್ಲಿ ಅದು ಗಾಳಿಯಲ್ಲಿ ತೇಲುತ್ತಿದೆ. ಪೆಟ್ರೋಲ್ ರಭಸವಾಗಿ ಬೀಳುವಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೆ ಹೋಗಲು ದಾರಿಯಿಲ್ಲ. ಟ್ಯಾಂಕಿನಿಂದ ಚಾಸಿಗೆ ಒಂದು ಅರ್ತಿಂಗ್ ವೈರ್, ಲೋಹದ ಬಾಯಿಯಿಂದ ಟ್ಯಾಂಕಿಗೆ ಇನ್ನೊಂದು. ಮಲ್ಟಿಮೀಟರ್ ಇಟ್ಟು ನೋಡಿ, ಬೀಪ್ ಅನ್ನಬೇಕು. ಕೆಲಸ ಐದು ನಿಮಿಷದ್ದು, ಆದರೆ ಬಹಳ ಜನ ಇದನ್ನೇ ಮರೆಯುತ್ತಾರೆ.

ಟ್ಯಾಂಕಿಗೆ ಉಸಿರಾಟವೂ ಬೇಕು. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರದಿದ್ದರೆ ಪಂಪ್ ಏದುಸಿರು ಬಿಡುತ್ತದೆ, ತೆಳು ತಗಡಾದರೆ ಟ್ಯಾಂಕೇ ಒಳಕ್ಕೆ ಕುಸಿಯುತ್ತದೆ. ಗಾಳಿ ಕೊಳವೆಯನ್ನು ಟ್ಯಾಂಕಿಗಿಂತ ಮೇಲಕ್ಕೆ ಒಯ್ದು ಬಾಗಿಸಿ, ಸೈಲೆನ್ಸರ್‌ನಿಂದ ದೂರ ಕೆಳಗಿಳಿಸಿ. ಗಾಡಿ ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಅದರಲ್ಲಿ ಇರಬೇಕು. ಕತ್ತಿನವರೆಗೆ ತುಂಬಿಸಬೇಡಿ. ತಣ್ಣಗಿರುವ 20 ಲೀಟರ್ ಪೆಟ್ರೋಲ್ 25 ಡಿಗ್ರಿ ಬಿಸಿಯಾದರೆ ಸುಮಾರು ಅರ್ಧ ಲೀಟರ್ ಹಿಗ್ಗುತ್ತದೆ. ಅದಕ್ಕೆ ಜಾಗ ಬೇಡವೇ?

ಟ್ಯಾಂಕ್ ಅಲ್ಯುಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಪೆಟ್ರೋಲಿಗೆಂದೇ ಮಾಡಿದ ಪ್ಲಾಸ್ಟಿಕ್ ಆಗಿರಲಿ. ಫೈಬರ್‌ಗ್ಲಾಸ್ ಟ್ಯಾಂಕ್ ಬೇಡ. ಪೆಟ್ರೋಲಿನಲ್ಲಿರುವ ಎಥೆನಾಲ್ ಅದರ ಹಳೆಯ ರಾಳವನ್ನು ಕರಗಿಸಿ ಎಂಜಿನ್ ಒಳಗೆ ಅಂಟು ಬಳಿಯುತ್ತದೆ. ಸಾಗಿಸುವ ಲೈನಿಗೆ ಎಸ್‌ಎಇ ಜೆ30 ಆರ್7 ಎಂಬ ಗುಣಮಟ್ಟದ ಗುರುತು ಅಚ್ಚಾಗಿರುವ ಪೈಪ್ ನಡೆಯುತ್ತದೆ. ಆರ್9 ಇಂಜೆಕ್ಷನ್ ಒತ್ತಡಕ್ಕೂ ತಡೆಯುತ್ತದೆ, ಆವಿಯನ್ನೂ ಕಡಿಮೆ ಬಿಡುತ್ತದೆ. ನಾನಾದರೆ ಆರ್9 ಹಾಕುತ್ತೇನೆ. ಪಾರದರ್ಶಕ ಪೈಪಿನ ಆಸೆಗೆ ಬೀಳಬೇಡಿ. ಮೊದಲು ಹಳದಿಯಾಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಕೊನೆಗೆ ಕ್ಲಾಂಪ್ ಪಕ್ಕದಲ್ಲೇ ಸೀಳುತ್ತದೆ.

ನೋಂದಣಿ, ವಿಮೆ ವಿಷಯದಲ್ಲಿ ನಿಯಮ ಒಂದೊಂದು ಕಡೆ ಒಂದೊಂದು ಥರ. ಕೆಲಸ ಶುರು ಮಾಡುವ ಮೊದಲೇ ವಿಮೆಯವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಗಾತ್ರದಲ್ಲೂ ಆಸೆ ಅತಿಯಾಗದಿರಲಿ. ಬೈಕಿನಲ್ಲಿ ಅತಿ ದೂರ ಓಡಿಸುವ ಸ್ಪರ್ಧೆಯಾದ 11 ದಿನಗಳ ಐರನ್ ಬಟ್ ರ‍್ಯಾಲಿಯಂತಹ ಕಡೆಯೂ ಒಟ್ಟು ಪೆಟ್ರೋಲಿಗೆ 11.5 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 43.5 ಲೀಟರಿನ ಮಿತಿ ಇಟ್ಟಿದ್ದಾರೆ. 25 ಲೀಟರಿನ ಟ್ಯಾಂಕಿದ್ದರೆ ನಿಮ್ಮ 15 ಲೀಟರ್ ಸೇರಿ 40 ಆಗುತ್ತದೆ, ಸಾಕು.

ಎಲ್ಲ ಕೂರಿಸಿದ ಮೇಲೆ ಮೊದಲ ದಿನವೇ ತುಂಬಿಸಬೇಡಿ. 5 ಲೀಟರ್ ಹಾಕಿ, ಬಯಲಲ್ಲಿ ನಿಲ್ಲಿಸಿ, ಕೆಳಗೆ ಹಳೆಯ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಪೇಪರ್ ನೋಡಿ, ಒಂದೊಂದು ಜಾಯಿಂಟಿನ ಕೆಳಗೂ ಒಣ ಬೆರಳು ಆಡಿಸಿ ಮೂಸಿ. ಆಮೇಲೆ ಖಾಲಿ ಜಾಗದಲ್ಲಿ ಎಡಕ್ಕೆ ಹತ್ತು ಸುತ್ತು, ಬಲಕ್ಕೆ ಹತ್ತು ಸುತ್ತು ಹೊಡೆದು ಮತ್ತೆ ಒಂದು ಸಲ ಮೂಸಿ. ಪ್ರವಾಸ ಮುಗಿಸಿ ಬಂದಾಗ ಎರಡನೇ ಟ್ಯಾಂಕಿನಲ್ಲಿ ಉಳಿದದ್ದನ್ನು ಪಂಪ್ ಮಾಡಿ ಮುಖ್ಯ ಟ್ಯಾಂಕಿಗೇ ಸೇರಿಸಿಬಿಡಿ. ತಿಂಗಳುಗಟ್ಟಲೆ ಅಲ್ಲೇ ಬಿಟ್ಟರೆ ಎಥೆನಾಲ್ ನೀರು ಹೀರಿಕೊಂಡು ತಳ ಸೇರುತ್ತದೆ. ಮುಂದಿನ ಪ್ರವಾಸದಲ್ಲಿ ನೀವು ಸ್ವಿಚ್ ಒತ್ತಿದಾಗ ಮೊದಲು ಹೋಗುವುದು ಅದೇ.