ಚೀಟಿ ಎತ್ತಿ ಕಲಿಸಿದ ಲೆಕ್ಕ

ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್‌ಗೆ ಒಂದು ತೊಡಕಿತ್ತು. ಬಾರ್ಲಿಯಂಥ ಸಾಮಗ್ರಿಯ ಪರೀಕ್ಷೆಗಳಲ್ಲಿ ಕೈಗೆ ಸಿಗುತ್ತಿದ್ದುದು ಕೆಲವೇ ಅಳತೆಗಳು. ಆಗಿನ ಸೂತ್ರಗಳೋ, ಅಳತೆಗಳು ರಾಶಿ ಇದ್ದಾಗ ಮಾತ್ರ ನೆಚ್ಚಬಹುದಾದವು. ನಾಲ್ಕೇ ಅಳತೆಯ ಸರಾಸರಿಯನ್ನು ಎಷ್ಟು ನಂಬೋದು?

ಅವರು ಇದನ್ನು ಪರೀಕ್ಷಿಸಿದ ಬಗೆ ನನಗೆ ತುಂಬಾ ಇಷ್ಟ. 3,000 ಕೈದಿಗಳ ಎತ್ತರ ಮತ್ತು ನಡುಬೆರಳಿನ ಉದ್ದದ ಅಳತೆ ಮೊದಲೇ ಅಚ್ಚಾಗಿತ್ತು. ಅದನ್ನು 3,000 ರಟ್ಟಿನ ಚೀಟಿಗಳ ಮೇಲೆ ಬರೆದರು. ಚೆನ್ನಾಗಿ ಕಲೆಸಿದರು. ನಾಲ್ಕು ನಾಲ್ಕಾಗಿ ಎತ್ತಿ 750 ಗುಂಪು ಮಾಡಿದರು. ಫಲಿತಾಂಶವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು.

ಇಡೀ 3,000 ಮಂದಿಯ ಸರಾಸರಿ ಎತ್ತರ ಒಂದೇ. ಅದು ಕದಲುವುದಿಲ್ಲ. ಆದರೆ ನಾಲ್ಕು ಚೀಟಿಯ ಸರಾಸರಿ ಎತ್ತಿದಾಗಲೆಲ್ಲ ಬೇರೆ. ನಿಜವಾದ ಕೆಲಸದಲ್ಲಿ ನಮಗೆ ಸಿಗುವುದು ಆ 750ರಲ್ಲಿ ಒಂದೇ ಗುಂಪು, ಅಲ್ವಾ? ಇನ್ನೊಂದು ಅಪಾಯವೂ ಇದೆ. ಚಿಕ್ಕ ಗುಂಪಿನಲ್ಲಿ ಅಳತೆಗಳ ನಡುವಿನ ಏರುಪೇರು ಹೆಚ್ಚಾಗಿ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಹಾಗಾಗಿ ಸುಮ್ನೆ ಜಾಸ್ತಿ ಧೈರ್ಯ ಬಂದುಬಿಡುತ್ತದೆ. ಎಷ್ಟು ಹಿಂದೆ ಮುಂದೆ ಬಿಟ್ಟುಕೊಳ್ಳಬೇಕು ಎಂಬುದನ್ನು ಗಾಸೆಟ್ ಲೆಕ್ಕ ಹಾಕಿ ಕೊಟ್ಟರು. ಕೆಲವೇ ಅಳತೆಗಳ ಸರಾಸರಿಯನ್ನು ಎಷ್ಟು ನೆಚ್ಚಬಹುದೆಂದು ನೋಡುವ ಇವತ್ತಿನ ಟಿ-ಪರೀಕ್ಷೆ ಹುಟ್ಟಿದ್ದು ಅಲ್ಲಿಂದ.

ಆದರೂ ಇಡೀ ಸಮೂಹದ್ದಕ್ಕೂ ಚಿಕ್ಕ ಗುಂಪಿನದಕ್ಕೂ ‘ಸರಾಸರಿ’ ಎಂಬ ಒಂದೇ ಹೆಸರು ನಡೆಯುತ್ತಿತ್ತು. ಈ ಗೊಂದಲವೇ ಸಂಖ್ಯಾಶಾಸ್ತ್ರವನ್ನು ಹಿಂದಕ್ಕೆಳೆದಿದೆ ಎಂದು 1922ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಬರೆದರು. ನಾವು ತಿಳಿಯಬೇಕೆಂದಿರುವ, ಇಡೀ ಸಮೂಹದ ಅಳತೆ ಪ್ಯಾರಾಮೀಟರ್. ಕೈಯಲ್ಲಿರುವ ಸ್ಯಾಂಪಲ್‌ನಿಂದ, ಅಂದರೆ ಎತ್ತಿಕೊಂಡ ಗುಂಪಿನಿಂದ, ಬಂದದ್ದು ಸ್ಟ್ಯಾಟಿಸ್ಟಿಕ್. ಹೆಸರು ಬೇರೆಯಾದ ಮೇಲೆ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಲು ಬಂತು: ಸ್ಟ್ಯಾಟಿಸ್ಟಿಕ್ ಪ್ಯಾರಾಮೀಟರ್‌ಗೆ ಎಷ್ಟು ಹತ್ತಿರ ಹೋಗಬಲ್ಲದು?

ಸ್ಯಾಂಪಲ್ ತುಂಬಾ ದೊಡ್ಡದಾದಾಗಿನ ಉತ್ತರ ಫಿಷರ್ ಬಳಿ ಇತ್ತು. ಚಿಕ್ಕದಕ್ಕೆ ಉತ್ತರ ಕೊಟ್ಟವರಲ್ಲಿ ಒಬ್ಬರು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ರಾವ್ ಕಲ್ಕತ್ತಾದಲ್ಲಿ ಪಾಠ ಮಾಡುವಾಗ ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ, ಚಿಕ್ಕ ಸ್ಯಾಂಪಲ್‌ಗೂ ಇದನ್ನು ಸಾಧಿಸಬಹುದಲ್ಲವೇ ಎಂದು ಕೇಳಿದರು. ರಾವ್ ಅಂದು ರಾತ್ರಿಯೇ ಕೂತು ಸಾಧಿಸಿದರು. ಅದು 1945ರಲ್ಲಿ ಅಚ್ಚಾಯಿತು. ಸ್ವೀಡನ್ನಿನ ಹರಾಲ್ಡ್ ಕ್ರಾಮರ್ ಹೆಸರನ್ನೂ ಸೇರಿಸಿ ಕ್ರಾಮರ್-ರಾವ್ ಮಿತಿ ಎಂದು ಇಂದು ಜಗತ್ತು ಕರೆಯುವುದು ಇದನ್ನೇ. ಒಂದೇ ಕಡೆಗೆ ವಾಲದ ಯಾವ ಸೂತ್ರ ಹಚ್ಚಿದರೂ, ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಉತ್ತರ ಅಲುಗುವುದು ಆ ಮಿತಿಗಿಂತ ಕಡಿಮೆಯಾಗದು.