ಕರುಳಿನ ಒಕ್ಕಲು ಊರು ಬಿಟ್ಟರೆ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ತೋಟದಲ್ಲಿ ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ನಡೆದಾಗ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ನಮ್ಮ ಚಿಕ್ಕಮ್ಮ ಬೆಳಿಗ್ಗೆ ಆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಮರೆ ಹುಡುಕಬೇಕಲ್ಲ ಎಂಬ ಸಂಕೋಚ. ಕಳೆದ ವರ್ಷ ಉರಿಮೂತ್ರ ಶುರುವಾಯಿತು. ಉಷ್ಣವಾಗಿದೆ ಎಂದು ಕೊತ್ತಂಬರಿ ಬೀಜದ ನೀರು ಕುಡಿದು ಸುಮ್ಮನಾದಳು. ನಾಲ್ಕನೆಯ ದಿನ ನಡುಗಿಸುವ ಚಳಿಜ್ವರ, ಪಕ್ಕೆಯ ಹಿಂದೆ ನೋವು. ಮೂತ್ರ ಪರೀಕ್ಷೆಯ ವರದಿಯಲ್ಲಿದ್ದ ಹೆಸರು ಇ. ಕೋಲೈ. "ಇದು ಎಲ್ಲಿಂದ ಬಂತು?" ಎಂದು ಕೇಳಿದಳು.

ಹೊರಗಿನಿಂದ ಬಂದದ್ದಲ್ಲ, ಅವಳ ಕರುಳಿನಲ್ಲೇ ಇದ್ದದ್ದು. ಮಕ್ಕಳ ವೈದ್ಯ ಥಿಯೋಡೋರ್ ಎಶೆರಿಶ್ 1885ರಲ್ಲಿ ಹಸುಳೆಗಳ ಮಲದಲ್ಲಿ ಗುರುತಿಸಿದ ಈ ಬ್ಯಾಕ್ಟೀರಿಯಾ ಹುಟ್ಟಿದ ಕೆಲವೇ ದಿನಗಳಲ್ಲಿ ನಮ್ಮ ಕರುಳಿನಲ್ಲಿ ಒಕ್ಕಲು ಹೂಡುತ್ತದೆ. ಅಲ್ಲಿ ಇರುವಷ್ಟು ದಿನ ಉಪಕಾರಿ. ಕೆ ಜೀವಸತ್ವವನ್ನೂ ತಯಾರಿಸುತ್ತದೆ. ಆದರೆ ಹೆಂಗಸರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ. ಕರುಳಿನಿಂದ ಹೊರಬಿದ್ದದ್ದು ಅದರ ಮೂಲಕ ಮೂತ್ರಕೋಶಕ್ಕೆ ಏರುವುದು ಸುಲಭ. ಕೆಲವು ತಳಿಗಳ ಮೈಮೇಲೆ ಅಂಟುವ ಎಳೆಗಳಿರುತ್ತವೆ. ಅವುಗಳಿಂದ ಮೂತ್ರಕೋಶದ ಗೋಡೆಯನ್ನು ಕಚ್ಚಿ ಹಿಡಿಯುತ್ತವೆ. ಆಗಾಗ ಮೂತ್ರ ಹರಿದರೆ ಬಹುಪಾಲು ಕೊಚ್ಚಿಹೋಗುತ್ತವೆ. ತಡೆದಿಟ್ಟರೆ ಅಲ್ಲೇ ಬೆಳೆಯುತ್ತವೆ. ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಜೀವಿ ಇದು. ಮೂತ್ರಪಿಂಡಕ್ಕೇರಿ ರಕ್ತಕ್ಕಿಳಿದರೆ ಜೀವಕ್ಕೇ ಕುತ್ತು.

ಇದೇ ಕುಲದ ಕೆಲವು ತಳಿಗಳು ಇನ್ನೂ ಕ್ರೂರ. ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸೊಂದು ವಿಷದ ಜೀನನ್ನು ಅವುಗಳಿಗೆ ದಾಟಿಸಿಬಿಟ್ಟಿರುತ್ತದೆ. 2011ರಲ್ಲಿ ಜರ್ಮನಿಯಲ್ಲಿ ಅಂಥ ತಳಿಯಿಂದ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ನೂರಾರು ಜನರ ಮೂತ್ರಪಿಂಡ ಕೈಕೊಟ್ಟಿತು. ತನಿಖೆ ಹೋಗಿ ನಿಂತದ್ದು ಹಸಿ ಮೆಂತ್ಯದ ಮೊಳಕೆಯ ಬಳಿ. ಓದಿದಾಗ ನನಗೆ ನಮ್ಮ ಅಡುಗೆಮನೆಯ ಮಡಿಕೆ ಕಾಳಿನ ಒದ್ದೆ ಬಟ್ಟೆ ಕಣ್ಣ ಮುಂದೆ ಬಂತು. ಕಾಳು ಮೊಳೆಯಲು ಬೇಕಾದ ತೇವ, ಬೆಚ್ಚಗೆ ಎರಡೂ ಬ್ಯಾಕ್ಟೀರಿಯಾಕ್ಕೂ ಬೇಕು. ಮೊಳಕೆಯನ್ನು ಚೆನ್ನಾಗಿ ಬೇಯಿಸಿ ಪಲ್ಯ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಮೆಂತ್ಯದ ಸೊಪ್ಪನ್ನಾದರೂ ಶುದ್ಧ ನೀರಿನಲ್ಲಿ ನಾಲ್ಕು ಸಲ ತೊಳೆಯಬೇಕು.

ಚಿಕ್ಕಮ್ಮನ ವರದಿಯಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಎರಡನೆಯ ಹಾಳೆ. ಅಲ್ಲಿ ಔಷಧಗಳ ಪಟ್ಟಿ. ಅರ್ಧಕ್ಕಿಂತ ಹೆಚ್ಚಿನವುಗಳ ಮುಂದೆ 'ಆರ್', ಅಂದರೆ ಆ ಔಷಧಕ್ಕೆ ಇದು ಜಗ್ಗುವುದಿಲ್ಲ. ನೆಗಡಿಗೂ ಅಂಗಡಿಯಿಂದ ಎರಡು ಆ್ಯಂಟಿಬಯಾಟಿಕ್ ಮಾತ್ರೆ ತಂದು ನುಂಗುವ ರೂಢಿ ನಮ್ಮ ಮನೆಯಲ್ಲೂ ಇತ್ತು. ಪ್ರತಿ ಸಲವೂ ಕರುಳಿನಲ್ಲಿ ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿಯಾದವು ಉಳಿದು ತಮ್ಮ ನಿರೋಧದ ಜೀನನ್ನು ನೆರೆಯವುಗಳಿಗೂ ಹಂಚುತ್ತವೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು 2019ರಲ್ಲಿ ಜಗತ್ತಿನಾದ್ಯಂತ ನೇರವಾಗಿ ಸುಮಾರು 12.7 ಲಕ್ಷ ಜನರನ್ನು ಕೊಂದವು ಎಂಬುದು ಅಂದಾಜು. ಆ ಸಾವುಗಳಿಗೆ ಕಾರಣವಾದವುಗಳಲ್ಲಿ ಮೊದಲ ಸ್ಥಾನ ಇ. ಕೋಲೈಗೆ.

ಚಿಕ್ಕಮ್ಮನಿಗೆ ವಾರವಿಡೀ ಸೂಜಿಮದ್ದು ಹಾಕಬೇಕಾಯಿತು. ಈ ವರ್ಷ ಚಾಟ್ನಿ ಶುರುವಾದ ದಿನವೇ ಹೆಂಗಸರೆಲ್ಲ ಸೇರಿ ದ್ರಾಕ್ಷಿ ಚಪ್ಪರದ ಮೂಲೆಯ ಕಂಬಗಳಿಗೆ ಹಳೆಯ ಸೀರೆ ಕಟ್ಟಿ ಮರೆ ಮಾಡಿಕೊಂಡಿದ್ದಾರೆ. ಚಿಕ್ಕಮ್ಮನ ಬುತ್ತಿಯ ಪಕ್ಕದಲ್ಲಿ ಈಗ ಎರಡು ಬಾಟಲಿ ನೀರು ಇರುತ್ತದೆ. ಸಂಜೆ ಎರಡೂ ಖಾಲಿ.